ಶಾಲೆಯನ್ನು ಕಟ್ಟಿದ ತಂಡ

ದೈಹಿಕ ಶಿಕ್ಷಕ ಮಿತ್ರರೇ, ಮಕ್ಕಳ ಆಟದ ಮೇಲೆ ಪ್ರೀತಿಯಿಟ್ಟು ಇಲ್ಲಿಯವರೆಗೆ ಬಂದಿರುವ ಪೋಷಕರೇ,

ಮಕ್ಕಳ ಫುಟ್‌ಬಾಲ್ ತಂಡವೊಂದರ ಮರೆಯಲಾಗದ ವರ್ಷದ ಬಗ್ಗೆ ಮಾತನಾಡಬೇಕೆಂದು ಕೇಳಿದಾಗ ನಾನು ಆರಿಸಿಕೊಂಡದ್ದು ಕಪ್ ಗೆದ್ದ ತಂಡವನ್ನಲ್ಲ, ಮೂರನೇ ಸ್ಥಾನ ಪಡೆದ ತಂಡವನ್ನು. 2013ರ ಜುಲೈ ತಿಂಗಳಲ್ಲಿ ಜಾರ್ಖಂಡಿನ ಹಳ್ಳಿಗಳ 18 ಹುಡುಗಿಯರು ಸ್ಪೇನಿಗೆ ಹೋಗಿ ಎರಡು ಟೂರ್ನಿಗಳಲ್ಲಿ ಆಡಿದರು. ಒಂದರಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು, ಇನ್ನೊಂದರಲ್ಲಿ ಮೂರನೆಯವರಾದರು. ಪತ್ರಿಕೆಗಳು ಇದನ್ನು ಪವಾಡವೆಂದು ಬರೆದವು. ಹಾಗೆ ಬರೆದರೆ ಆ ಹುಡುಗಿಯರು ಪಟ್ಟ ಪಾಡು ಲೆಕ್ಕಕ್ಕೇ ಬರುವುದಿಲ್ಲ. ಆ ಪಾಡು ಎಂಥದ್ದು, ಅದನ್ನು ಅವರು ಹೇಗೆ ದಾಟಿದರು ಎಂಬುದನ್ನು ಬಿಡಿಸಿ ಹೇಳುವುದೇ ಇವತ್ತಿನ ನನ್ನ ಕೆಲಸ.

ರಾಂಚಿಯಿಂದ ಹಜಾರಿಬಾಗ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಓರ್ಮಾಂಝಿ ಎಂಬ ಊರಿದೆ. ಅದರ ಸುತ್ತಲಿನ ಹಳ್ಳಿಗಳಲ್ಲಿ ಒಂದು ಹುಟುಪ್. ಛೋಟಾನಾಗಪುರದ ಕೆಂಪು ಮಣ್ಣು, ಮಳೆ ನಂಬಿದ ಭತ್ತದ ಗದ್ದೆ, ಕೆಲಸವಿಲ್ಲದ ತಿಂಗಳುಗಳಲ್ಲಿ ಇಟ್ಟಿಗೆ ಗೂಡುಗಳಿಗೆ ಗುಳೆ ಹೋಗುವ ಕುಟುಂಬಗಳು, ಸಂತೆಯಲ್ಲಿ ಅಕ್ಕಿಯಿಂದ ಮಾಡಿದ ಹಂಡಿಯಾ ಎಂಬ ಮದ್ಯ ಮಾರಿ ಮನೆ ನಡೆಸುವ ಹೆಂಗಸರು ಇರುವ ಸೀಮೆ ಅದು. ಹಾಗೆಂದು ಆಟಕ್ಕೆ ಬಡತನವಿರುವ ನೆಲವಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದ, ಮುಂದೆ ಸಂವಿಧಾನ ರಚನಾ ಸಭೆಯಲ್ಲಿ ಆದಿವಾಸಿಗಳ ಪರವಾಗಿ ನಿಂತ ಜೈಪಾಲ್ ಸಿಂಗ್ ಮುಂಡಾ ಹುಟ್ಟಿದ್ದು ಇದೇ ರಾಂಚಿ ಸೀಮೆಯಲ್ಲಿ. ಹಳ್ಳಿಹಳ್ಳಿಯಲ್ಲಿ ಅಲ್ಲಿ ಖಸ್ಸಿ ಟೂರ್ನಿಗಳು ನಡೆಯುತ್ತವೆ. ಖಸ್ಸಿ ಎಂದರೆ ಬೀಜ ಒಡೆದ ಹೋತ. ನಮ್ಮ ಮಂಡ್ಯ, ಹಾಸನದ ಕಡೆ ಕಬಡ್ಡಿ ಗೆದ್ದ ತಂಡಕ್ಕೆ ಟಗರು ಕೊಡುವ ಪದ್ಧತಿ ಇದೆಯಲ್ಲ, ಅಲ್ಲಿ ಹಾಕಿ, ಫುಟ್‌ಬಾಲ್ ಗೆದ್ದವರು ಹೋತವನ್ನು ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ನಾನು ಹೇಳುತ್ತಿರುವ ಹುಡುಗಿಯರು ಸ್ಪೇನಿನಲ್ಲಿ ಆಡಿದ್ದು ‘ಸೂಪರ್‌ಗೋಟ್ಸ್’ ಎಂಬ ಹೆಸರಿನಲ್ಲಿ.

ಈ ತಂಡ ಶುರುವಾದದ್ದು 2009ರಲ್ಲಿ. ಅಮೆರಿಕದ ಮಿನೆಸೋಟಾದಿಂದ ಬಂದಿದ್ದ ಫ್ರಾಂಜ್ ಗ್ಯಾಸ್ಟ್ಲರ್ ಎಂಬ ಯುವಕ ಆ ಹಳ್ಳಿಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಫುಟ್‌ಬಾಲ್ ಕಲಿಯಬೇಕೆಂದು ಕೇಳಿದ್ದು ಅಲ್ಲಿನ ಒಬ್ಬ ಹುಡುಗಿ. ಆಕೆ ಗೆಳತಿಯರನ್ನು ಕರೆತಂದಳು, ಅವರು ತಂಗಿಯರನ್ನು ಕರೆತಂದರು, ಹೀಗೆ ‘ಯುವಾ’ ಎಂಬ ಸಂಸ್ಥೆ ಬೆಳೆಯಿತು. ಈ ಕ್ರಮವನ್ನು ಒತ್ತಿ ಹೇಳುತ್ತಿದ್ದೇನೆ. ವಿದೇಶಿಯೊಬ್ಬ ಬಂದು ಹಳ್ಳಿ ಹುಡುಗಿಯರನ್ನು ಉದ್ಧಾರ ಮಾಡಿದ ಎಂದು ಈ ಕಥೆಯನ್ನು ಹೇಳುವವರಿದ್ದಾರೆ. ಗ್ಯಾಸ್ಟ್ಲರ್ ಅವರ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಫುಟ್‌ಬಾಲ್ ಕೋಚ್ ಆಗಿ ಬಂದವರಲ್ಲ. ಆಟ ಬೇಕೆಂದು ಹಟ ಹಿಡಿದವಳು ಊರಿನ ಮಗಳು. ಕೆಲವೇ ವರ್ಷಗಳಲ್ಲಿ ಚಿಕ್ಕವರಿಗೆ ತರಬೇತಿ ಕೊಡುವ ಕೆಲಸವನ್ನೂ ಅಲ್ಲಿಯೇ ಆಡಿ ಬೆಳೆದ ಹುಡುಗಿಯರು ವಹಿಸಿಕೊಂಡರು.

ಅಭ್ಯಾಸ ನಡೆಯುತ್ತಿದ್ದುದು ನಸುಕಿನಲ್ಲಿ. ನಮಗೆ ಇದು ಸಾಮಾನ್ಯ ಸಂಗತಿ. ಆದರೆ ಹಳ್ಳಿಯ ಮನೆಯೊಂದರಲ್ಲಿ ಹದಿಮೂರು ವರ್ಷದ ಹುಡುಗಿ ನಸುಕಿನಲ್ಲಿ ಒಂದು ಗಂಟೆ ಮನೆಯಿಂದ ಹೊರಗಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ನೀರು ತರುವವರು ಯಾರು? ಅಂಗಳ ಗುಡಿಸಿ, ಒಲೆ ಹೊತ್ತಿಸಿ, ಅನ್ನಕ್ಕೆ ಇಡುವವರು ಯಾರು? ಮೇಕೆ ಬಿಚ್ಚುವವರು ಯಾರು? ತಾಯಿ ಕೂಲಿಗೆ ಹೊರಡುವ ಮುಂಚೆ ಇವೆಲ್ಲ ಆಗಬೇಕು. ಹುಡುಗಿಯರು ಆ ಕೆಲಸಗಳನ್ನು ಬಿಟ್ಟು ಬರಲಿಲ್ಲ. ಇನ್ನೂ ಬೇಗ ಎದ್ದು, ಮುಗಿಸಿ ಬಂದರು. ಮೇಲಿಂದ ಚಡ್ಡಿ ಹಾಕಿಕೊಂಡು ಓಡುತ್ತಾರೆ ಎಂಬ ಮಾತು ಬೇರೆ. ಆ ಮಾತು ಎಂಥದ್ದು ಎಂದು ನಿಮಗೆ ವಿವರಿಸಬೇಕಾಗಿಲ್ಲ. ಚೂಡಿದಾರದಲ್ಲೇ ಖೋ-ಖೋ ಆಡಿಸಿ ಎಂದು ಪೋಷಕರು ಹೇಳಿದ್ದನ್ನು ಕೇಳಿದವರು ಇಲ್ಲಿಯೂ ಇದ್ದೀರಿ.

ಈಗ ಹಾಜರಿಯ ವಿಷಯಕ್ಕೆ ಬರುತ್ತೇನೆ. ಯುವಾದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಇದು. ಅಲ್ಲಿ ಹುಡುಗಿಯರು ದಿನವೂ ಬರುವುದನ್ನೇ ದೊಡ್ಡ ಗೆಲುವೆಂದು ಎಣಿಸುತ್ತಾರೆ. ಲೆಕ್ಕ ಇಡುವವರೂ ಹುಡುಗಿಯರೇ. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಮಗುವಿನ ಹೆಸರಿನ ಮುಂದೆ ಗೈರು ಎಂದು ಬಿದ್ದರೆ ಅದು ವಾರಗಟ್ಟಲೆ ಹಾಗೆಯೇ ಬೀಳುತ್ತಾ ಹೋಗಬಹುದು. ತಂಡದಲ್ಲಿ ಹಾಗಾಗದು. ಬಲಗಡೆ ಆಡುವವಳು ಬರಲಿಲ್ಲವೆಂದರೆ ಮೈದಾನದಲ್ಲಿ ಒಂದು ಜಾಗವೇ ಖಾಲಿ ಕಾಣಿಸುತ್ತದೆ. ಗೆಳತಿಯರು ಅವಳ ಮನೆಗೆ ಹೋಗಿ ಕೇಳುತ್ತಾರೆ. ಜ್ವರವೋ, ಜಗಳವೋ, ನೋಡಲು ಗಂಡಿನ ಕಡೆಯವರು ಬಂದಿದ್ದಾರೋ ಎಂಬುದು ಅಂದೇ ಗೊತ್ತಾಗುತ್ತದೆ.

ಗಂಡಿನ ಕಡೆಯವರು ಎಂದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015–16ರ ಲೆಕ್ಕದ ಪ್ರಕಾರ ಜಾರ್ಖಂಡಿನಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 37.9ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಮುಂದಿನ ಸಮೀಕ್ಷೆಯ ಹೊತ್ತಿಗೆ ಅದು ಶೇ 32.2ಕ್ಕೆ ಇಳಿಯಿತು. ದೂರದ ರಾಜ್ಯದ ಮಾತು ಎಂದುಕೊಳ್ಳಬೇಡಿ. ಅದೇ ಎರಡು ಸಮೀಕ್ಷೆಗಳಲ್ಲಿ ನಮ್ಮ ಕರ್ನಾಟಕದ ಅಂಕಿ ಶೇ 21.4 ಮತ್ತು ಶೇ 21.3. ಅಂದರೆ ಜಾರ್ಖಂಡ್ ಐದಾರು ಹೆಜ್ಜೆ ಮುಂದಿಟ್ಟ ಅವಧಿಯಲ್ಲಿ ನಾವು ನಿಂತಲ್ಲೇ ನಿಂತಿದ್ದೆವು. ನಿಮ್ಮ ತಾಲ್ಲೂಕಿನ ಹುಡುಗಿಯರ ತಂಡದಲ್ಲಿ ಎಂಟನೇ ತರಗತಿಯಲ್ಲಿ ಚುರುಕಾಗಿ ಆಡುತ್ತಿದ್ದವಳು ಹತ್ತನೇ ತರಗತಿಯ ಹೊತ್ತಿಗೆ ಏಕೆ ಕಾಣೆಯಾದಳು ಎಂಬ ಪ್ರಶ್ನೆಗೆ ಉತ್ತರ ಈ ಅಂಕಿಗಳಲ್ಲೂ ಇದೆ.

2013ಕ್ಕೆ ಬರೋಣ. ಸ್ಪೇನಿನಿಂದ ಆಹ್ವಾನ ಬಂತು. ಹೋಗಲು ಪಾಸ್‌ಪೋರ್ಟ್ ಬೇಕು. ಆ ದಿನಗಳ ನಿಯಮ ಹೀಗಿತ್ತು: 1989ರ ಜನವರಿ 26ರಂದು ಅಥವಾ ಅದರ ನಂತರ ಹುಟ್ಟಿದವರು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವಾಗ ಜನ್ಮ ದಿನಾಂಕಕ್ಕೆ ಜನನ ಪ್ರಮಾಣಪತ್ರವನ್ನೇ ಕೊಡಬೇಕು. ಶಾಲೆಯ ವರ್ಗಾವಣೆ ಪತ್ರ, ಆಧಾರ್ ಇತ್ಯಾದಿಯೂ ನಡೆಯುತ್ತದೆ ಎಂಬ ಸಡಿಲಿಕೆ ಬಂದದ್ದು 2016ರ ಡಿಸೆಂಬರ್‌ನಲ್ಲಿ. ಮನೆಯಲ್ಲೇ ಹೆರಿಗೆಯಾದ, ಎಲ್ಲೂ ನೋಂದಣಿಯಾಗದ ಮಗುವಿಗೆ ಹದಿಮೂರು ವರ್ಷಗಳ ನಂತರ ಜನನ ಪ್ರಮಾಣಪತ್ರ ಎಲ್ಲಿಂದ ತರುವುದು? 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ, ಆದರೆ ಕಡಿದಾದ ದಾರಿ. ಹುಟ್ಟಿದ 21 ದಿನಗಳೊಳಗೆ ಹೇಳಿದರೆ ಸಲೀಸು. ಒಂದು ವರ್ಷ ದಾಟಿತೆಂದರೆ ಆಗ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಅಲ್ಲಿಗೆ ತಲುಪಲು ಕೆಳಗಿನ ಕಚೇರಿಯಿಂದ ಒಂದೊಂದೇ ಸಹಿ ಕೂಡಿಸಬೇಕು. ಓದು ಬಾರದ ತಂದೆತಾಯಿ, ದಿನದ ಕೂಲಿ ಬಿಟ್ಟು ಎಷ್ಟು ಸಲ ಆ ಮೆಟ್ಟಿಲು ಹತ್ತಬಲ್ಲರು?

ಹುಡುಗಿಯರು ತಾವೇ ಹೋದರು. ಪಂಚಾಯತ್ ಕಚೇರಿಯಲ್ಲಿ ತಮ್ಮ ಕೈಗೆ ಪೊರಕೆ ಕೊಟ್ಟು ನೆಲ ಗುಡಿಸಲು ಹೇಳಿದರು, ಪತ್ರಕ್ಕೆ ಹಣ ಕೇಳಿದರು, ಮತ್ತೆ ಕೇಳಲು ಹೋದಾಗ ಕಪಾಳಕ್ಕೆ ಹೊಡೆದರು ಎಂದು ಅವರೇ ಪತ್ರಕರ್ತರ ಮುಂದೆ ಹೇಳಿದರು. ಈ ಸುದ್ದಿ ದೇಶದ ದೊಡ್ಡ ಪತ್ರಿಕೆಗಳಲ್ಲೆಲ್ಲ ಬಂತು. ನಾನು ಇದನ್ನು ಇಲ್ಲಿ ಎತ್ತಿದ್ದು ಸಿಟ್ಟು ತೀರಿಸಿಕೊಳ್ಳಲು ಮಾತ್ರವಲ್ಲ, ಸಿಟ್ಟು ಬರುವುದಂತೂ ನಿಜ. ಹೊಡೆತ ತಿಂದು ಬಂದ ಹದಿಮೂರರ ಹುಡುಗಿ ಅದನ್ನು ನುಂಗಿಕೊಂಡು ಸುಮ್ಮನಾಗಲಿಲ್ಲ, ಬಾಯಿಬಿಟ್ಟು ಹೇಳಿದಳು. ನಸುಕಿನ ಮೈದಾನದಲ್ಲಿ ದಿನವೂ ‘ಚೆಂಡು ಇತ್ತ ಕೊಡು’ ಎಂದು ಗಟ್ಟಿಯಾಗಿ ಕೂಗಿ ಅಭ್ಯಾಸವಾದ ಗಂಟಲು ಅದು. ಆ ತಂಡದ ವರ್ಷದಲ್ಲಿ ಇದಕ್ಕಿಂತ ಕಠಿಣವಾದ ಪಂದ್ಯ ಇನ್ನೊಂದಿರಲಿಲ್ಲ ಎಂದು ನಾನು ನಂಬಿದ್ದೇನೆ.

ಕಾಗದಪತ್ರ ಕೈಗೆ ಬಂತು. ಜೂನ್ 23ರಂದು ರಾಂಚಿಯ ಮಹೇಂದ್ರ ಸಿಂಗ್ ಧೋನಿ ನಾಯಕತ್ವದ ಭಾರತ ತಂಡ ಬರ್ಮಿಂಗ್‌ಹ್ಯಾಮ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಗೆದ್ದಿತ್ತು. ಜಾರ್ಖಂಡ್ ಆ ಸಂಭ್ರಮದಲ್ಲಿದ್ದಾಗ ಈ ಹುಡುಗಿಯರು ಸ್ಪೇನಿನ ಉತ್ತರದ ಬಾಸ್ಕ್ ಪ್ರದೇಶಕ್ಕೆ ಹೊರಟರು. ಸ್ಯಾನ್ ಸೆಬಾಸ್ಟಿಯನ್ ನಗರದ ಡೊನೊಸ್ಟಿ ಕಪ್ 1992ರಿಂದ ನಡೆಯುತ್ತಿರುವ, ನಾನಾ ದೇಶಗಳ ಮಕ್ಕಳ ತಂಡಗಳು ಸೇರುವ ದೊಡ್ಡ ಟೂರ್ನಿ. ಅಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋದರು. ವಿಟೋರಿಯಾ–ಗಾಸ್ಟೈಜ್ ನಗರದ ಗಾಸ್ಟೈಜ್ ಕಪ್‌ನಲ್ಲಿ ಮೂರನೇ ಸ್ಥಾನ ಪಡೆದರು. ಕೆಂಪು ಅಂಚಿನ ಬಿಳಿ ಸೀರೆಯುಟ್ಟು ತಮ್ಮ ಊರಿನ ಕುಣಿತವನ್ನೂ ಕುಣಿದರು. ಒಬ್ಬರ ಸೊಂಟಕ್ಕೆ ಒಬ್ಬರು ಕೈ ಸುತ್ತಿ ಸಾಲಾಗಿ ಹೆಜ್ಜೆ ಹಾಕುವ ಛೋಟಾನಾಗಪುರದ ಕುಣಿತವನ್ನು ನೋಡಿದವರಿಗೆ ಆ ತಂಡದಲ್ಲಿ ಹೊಂದಾಣಿಕೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಆ ವರ್ಷ ಅವರಲ್ಲಿ ಯಾರೂ ಯುವಾ ಶಾಲೆಯ ವಿದ್ಯಾರ್ಥಿನಿಯರಾಗಿರಲಿಲ್ಲ, ಏಕೆಂದರೆ ಆಗ ಅಂಥದೊಂದು ಶಾಲೆಯೇ ಇರಲಿಲ್ಲ. ನಮ್ಮ ಅನುಭವದಲ್ಲಿ ಮೊದಲು ಶಾಲೆ ಇರುತ್ತದೆ. ವಲಯ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬಂದ ಮೇಲೆ ಹನ್ನೊಂದು ಮಕ್ಕಳನ್ನು ಆರಿಸಿ ತಂಡ ಮಾಡುತ್ತೇವೆ. ಓರ್ಮಾಂಝಿಯಲ್ಲಿ ತಂಡ ಮೊದಲು ಬಂತು. ದಿನವೂ ಮೈದಾನಕ್ಕೆ ಬರುವ ನೂರಾರು ಹುಡುಗಿಯರು ಓದಿನಲ್ಲಿ ಹಿಂದುಳಿದಿದ್ದಾರೆ, ಅವರ ಶಾಲೆಗಳಲ್ಲಿ ಪಾಠ ಸರಿಯಾಗಿ ಆಗುತ್ತಿಲ್ಲ ಎಂಬುದು ಕಣ್ಣಿಗೆ ಬಿದ್ದ ಮೇಲೆ 2015ರಲ್ಲಿ ಯುವಾ ತನ್ನದೇ ಶಾಲೆ ತೆರೆಯಿತು. ಚಿಕ್ಕ ತರಗತಿಗಳು, ಹುಡುಗಿಯರಿಗಾಗಿಯೇ ಇರುವ ಶಾಲೆ. ಮುಟ್ಟು, ಮನೆಯೊಳಗಿನ ಹಿಂಸೆ, ಬಾಲ್ಯವಿವಾಹ ಇವುಗಳ ಬಗ್ಗೆ ನೇರವಾಗಿ ಮಾತನಾಡುವ ಕಾರ್ಯಾಗಾರಗಳು ಆಟದ ಜೊತೆಗೇ ನಡೆಯುತ್ತವೆ. 2019ರ ಫೆಬ್ರುವರಿಯಲ್ಲಿ ಮೊನಾಕೊದಲ್ಲಿ ಲಾರೆಸ್ ಸಂಸ್ಥೆಯ ‘ಸ್ಪೋರ್ಟ್ ಫಾರ್ ಗುಡ್’ ಪ್ರಶಸ್ತಿ ಯುವಾಕ್ಕೆ ಸಂದಿತು. ವೇದಿಕೆ ಹತ್ತಿದವರು ಹುಡುಗಿಯರೇ. 2021ರಲ್ಲಿ ಆ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಪೂರ್ಣ ವಿದ್ಯಾರ್ಥಿವೇತನದೊಂದಿಗೆ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದಳು.

ಹಾರ್ವರ್ಡ್ ಹೆಸರು ಕೇಳಿದ ಕೂಡಲೇ ಸಭೆಯಲ್ಲಿ ಮುಖಗಳು ಅರಳಿದವು. ನನಗೂ ಸಂತೋಷವೇ. ಆದರೆ ದಯವಿಟ್ಟು ಆ ಒಬ್ಬಳನ್ನೇ ಅಳತೆಗೋಲು ಮಾಡಬೇಡಿ. ಮೈದಾನಕ್ಕೆ ಬಂದು, ಹದಿನೆಂಟರವರೆಗೆ ಮದುವೆಯಿಲ್ಲದೆ ಓದಿ, ಊರಿನಲ್ಲೇ ಕೋಚ್ ಆಗಿ ಚಿಕ್ಕವರಿಗೆ ಚೆಂಡು ಒದೆಯಲು ಹೇಳಿಕೊಡುವ ಹುಡುಗಿಯ ಬದುಕು ನನ್ನ ಲೆಕ್ಕದಲ್ಲಿ ಅಷ್ಟೇ ತೂಕದ್ದು.

ಸೋಲಿನ ಬಗ್ಗೆಯೂ ಒಂದು ಮಾತು. 2022ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲಿ ನಡೆಯಿತು. ಭಾರತ ತಂಡದ ನಾಯಕಿ ಅಷ್ಟಂ ಒರಾಂವ್, ಜಾರ್ಖಂಡಿನ ಗುಮ್ಲಾ ಜಿಲ್ಲೆಯವಳು. ತಂಡದಲ್ಲಿ ಆರು ಮಂದಿ ಆ ಒಂದೇ ರಾಜ್ಯದವರು. ಇವರೆಲ್ಲ ಯುವಾದಿಂದ ಬಂದವರು ಎಂದು ನಾನು ಹೇಳುತ್ತಿಲ್ಲ. ಆ ನೆಲದಲ್ಲಿ ಹುಡುಗಿಯರ ಫುಟ್‌ಬಾಲ್ ಎಷ್ಟು ಆಳಕ್ಕೆ ಬೇರುಬಿಟ್ಟಿದೆ ಎಂದು ತೋರಿಸುತ್ತಿದ್ದೇನೆ. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಅವರು ಅಮೆರಿಕದ ಎದುರು 0–8, ಮೊರಾಕೊ ಎದುರು 0–3, ಬ್ರೆಜಿಲ್ ಎದುರು 0–5ರಿಂದ ಸೋತರು. ಮೂರು ಪಂದ್ಯ, ಒಂದೂ ಗೋಲಿಲ್ಲ. ಅಮೆರಿಕದ ಹುಡುಗಿ ಐದಾರು ವರ್ಷದಿಂದಲೇ ಸುಸಜ್ಜಿತ ಮೈದಾನದಲ್ಲಿ, ವಾರವಾರವೂ ಲೀಗ್ ಪಂದ್ಯ ಆಡುತ್ತಾ ಬೆಳೆದಿರುತ್ತಾಳೆ. ನಮ್ಮವಳು ವರ್ಷಕ್ಕೊಮ್ಮೆ ಕ್ರೀಡಾಕೂಟದಲ್ಲಿ ಆಡುತ್ತಾಳೆ, ಮೊದಲ ಪಂದ್ಯ ಸೋತರೆ ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಆ ಎಂಟು ಗೋಲುಗಳನ್ನು ಆ ಮಕ್ಕಳ ತಲೆಗೆ ಕಟ್ಟುವುದು ಅನ್ಯಾಯ.

ಹಾಗಾಗಿ ಇಲ್ಲಿರುವ ಶಿಕ್ಷಕರಲ್ಲಿ ನನ್ನ ಬೇಡಿಕೆ ತೀರಾ ಸಣ್ಣದು, ದುಡ್ಡೂ ಬೇಡದ್ದು. ಒಂದು, ಸೋತರೆ ಹೊರಹೋಗುವ ಪಂದ್ಯಗಳ ಜೊತೆಗೆ ಅಕ್ಕಪಕ್ಕದ ನಾಲ್ಕು ಶಾಲೆಗಳು ಸೇರಿ ಶನಿವಾರಗಳಂದು ಪರಸ್ಪರ ಆಡಿಸಿ. ಹುಡುಗಿಯರಿಗೆ ವರ್ಷದಲ್ಲಿ ಒಂದರ ಬದಲು ಹತ್ತು ಪಂದ್ಯ ಸಿಗಲಿ. ಇನ್ನೊಂದು, ತಂಡದ ಹಾಜರಿ ಪುಸ್ತಕವನ್ನು ತಂಡದ ಹುಡುಗಿಯರ ಕೈಗೇ ಕೊಡಿ, ಮೂರು ದಿನ ಬಾರದವಳ ಮನೆಗೆ ಅವರೊಂದಿಗೆ ನೀವೂ ಹೋಗಿ. ಮಕ್ಕಳ ಜನನ ಪ್ರಮಾಣಪತ್ರಗಳನ್ನು ಎಂಟನೇ ತರಗತಿಗೆ ಸೇರಿದ ದಿನವೇ ಪರಿಶೀಲಿಸಿ, ಇಲ್ಲದವರ ಪಟ್ಟಿ ಮಾಡಿ ಪೋಷಕರ ಸಭೆಯಲ್ಲಿ ಇಡಿ. ವಯಸ್ಸಿನ ದಾಖಲೆ ಇಲ್ಲವೆಂದು ಜಿಲ್ಲಾ ಮಟ್ಟದಲ್ಲಿ ಒಳ್ಳೆಯ ಆಟಗಾರ್ತಿಯನ್ನು ವಾಪಸ್ ಕಳುಹಿಸುವಂತಾಗಬಾರದು.

ಇದರಲ್ಲಿ ನಡೆಯದು ಎನಿಸುವುದು ಯಾವುದು, ನಿಮ್ಮ ಶಾಲೆಯಲ್ಲಿ ಅಡ್ಡಿ ಬರುವುದು ಎಲ್ಲಿ ಎಂದು ಈಗ ನೀವು ಹೇಳಬೇಕು. ಹುಡುಗಿಯರ ತಂಡ ನಡೆಸುತ್ತಿರುವ ಶಿಕ್ಷಕಿಯರು ಮೊದಲು ಮಾತನಾಡಲಿ ಎಂದು ಕೇಳಿಕೊಳ್ಳುತ್ತೇನೆ.