ಮೈಸೂರು ಪಾಕು, ಟೈಟೇನಿಯಂ ಸ್ಪಾಂಜು ಮತ್ತು ಚವರದ ಕಾರ್ಖಾನೆ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತೋರಿಗೆ ಕೇಳಿಸ್ತಿದ್ಯಾ? ಸರಿ. ಇಲ್ಲಿರೋರು ಮುಕ್ಕಾಲು ಪಾಲು ಮೆಟಲರ್ಜಿಯೋರೇ, ಹಾಗಾಗಿ ಟೈಟೇನಿಯಂ ಡೆನ್ಸಿಟಿ 4.5, ಉಕ್ಕಿಂದು 7.8 ಅಂತೆಲ್ಲ ಪಾಠ ಮಾಡಲ್ಲ. ಬೆಳಗ್ಗಿಂದ ಹಗುರ ಲೋಹಗಳ ಸಂಶೋಧನೆ ಬಗ್ಗೆ ಮೂರು ಭಾಷಣ ಆಯ್ತು, ಚೆನ್ನಾಗೇ ಇತ್ತು, ಲ್ಯಾಬುಗಳ ಹೆಸರು ಒಂದೂ ಬಿಡದೆ ಹೇಳಿದ್ರು. ಕಾರ್ಖಾನೆ ಹೆಸರು? ಒಂದೂ ಬರ್ಲಿಲ್ಲ. ನನ್ನ ತಕರಾರು ಇಷ್ಟೇ.

ಅದಕ್ಕೇ ಚವರದ ಕಥೆ ಹೇಳ್ತೀನಿ. ಕೇರಳದ ಕೊಲ್ಲಂ ಹತ್ರ, ಕೆಎಂಎಂಎಲ್, ಅಂದ್ರೆ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್, ಅಲ್ಲಿನ ರಾಜ್ಯ ಸರ್ಕಾರದ ಕಂಪನಿ. ವರ್ಷಕ್ಕೆ 500 ಟನ್ ಟೈಟೇನಿಯಂ ಸ್ಪಾಂಜ್, ಅಂದ್ರೆ ಕರಗಿಸೋಕೆ ಮುಂಚಿನ ತೂತು ತೂತಾದ ಕಚ್ಚಾ ಲೋಹ, ಅದನ್ನ ಮಾಡೋ ಘಟಕ, 2011ರಲ್ಲಿ ಉದ್ಘಾಟನೆ ಆಯ್ತು. ತಂತ್ರಜ್ಞಾನ ಹೈದರಾಬಾದಿನ ರಕ್ಷಣಾ ಲೋಹ ಲ್ಯಾಬು ಡಿಎಂಆರ್‌ಎಲ್‌ದು, ದುಡ್ಡು ತಿರುವನಂತಪುರದ ಇಸ್ರೋ ಕೇಂದ್ರ ವಿಎಸ್‌ಎಸ್‌ಸಿದು. ಅಂದ್ರೆ ಒಬ್ಬರದ್ದು ರಕ್ಷಣೆ, ಒಬ್ಬರದ್ದು ಬಾಹ್ಯಾಕಾಶ, ಇನ್ನೊಬ್ಬರದ್ದು ರಾಜ್ಯ ಸರ್ಕಾರ. ಈ ಮೂವರ ಫೈಲು ಒಂದೇ ಟೇಬಲ್ ಮೇಲೆ ಕೂರಿಸೋದಿದ್ಯಲ್ಲ, ಸ್ಪಾಂಜ್ ಮಾಡೋ ಕ್ರೋಲ್ ಪ್ರೋಸೆಸ್ ಅದರ ಮುಂದೆ ಏನೂ ಅಲ್ಲ.

ಆದ್ರೆ ಚವರಾನೇ ಯಾಕೆ? ಇಲ್ಲಿ ನನ್ನ ಪ್ರೀತಿಯ ಕಥೆ ಒಂದಿದೆ, ಕೇಳಿರೋರು ಇನ್ನೊಂದ್ಸಲ ಕೇಳಿ. ನಮ್ಮೂರ ಕಡೆ ಯಕ್ಷಗಾನಕ್ಕೆ ಗ್ಯಾಸ್‌ಲೈಟ್ ಇಡ್ತಿದ್ರಲ್ಲ, ಅದರ ಮ್ಯಾಂಟಲ್, ಮುಟ್ಟಿದ್ರೆ ಬೂದಿ ಆಗಿ ಉದುರ್ತಿತ್ತಲ್ಲ, ನಾನು ಉದುರಿಸಿ ಒದೆ ತಿಂದಿದ್ದೀನಿ, ಅದಕ್ಕೆ ಥೋರಿಯಂ ಬೇಕಿತ್ತು. ಜರ್ಮನಿಯ ಶೋಂಬರ್ಗ್ ಅನ್ನೋ ಕೆಮಿಸ್ಟು 1909ರಲ್ಲಿ ಕೇರಳದಿಂದ ಬಂದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳು ನೋಡ್ತಾನೆ. ಬೇರೆ ಯಾರಾದ್ರೂ ಆಗಿದ್ರೆ ಕೊಡವಿ ಬಿಸಾಕ್ತಿದ್ರು, ಸಪ್ಲೈಯರ್‌ಗೆ ಬೈದು ಕಾಗದ ಬರೀತಿದ್ರು. ಈ ಪುಣ್ಯಾತ್ಮ ಪರೀಕ್ಷೆ ಮಾಡ್ದ, ಮೋನಜೈಟ್ ಅನ್ನೋ ಖನಿಜ ಸಿಕ್ತು, ಅದರೊಳಗೆ ಥೋರಿಯಂ. ಸೀದಾ ನಮ್ಮ ದೇಶಕ್ಕೇ ಬಂದು, ಈಗ ತಮಿಳುನಾಡಲ್ಲಿರೋ ಮಣವಾಳಕುರಿಚಿಯಲ್ಲಿ ಮರಳು ಬೇರ್ಪಡಿಸೋ ಕಾರ್ಖಾನೆ ಹಾಕ್ದ. ಮೊದಲ ಮಹಾಯುದ್ಧ ಬಂತು, ಜರ್ಮನ್ ಗೂಢಚಾರ ಅಂತ ಬ್ರಿಟಿಷರು ಅವನನ್ನ ಹಿಡಿದು ಹಾಕಿದ್ರು, ಅದು ಬೇರೆ ಕಥೆ. ಅವನಿಗೆ ಬೇಕಾಗಿದ್ದು ಮೋನಜೈಟು, ಅದರ ಜೊತೆಗೆ ರಾಶಿ ರಾಶಿ ಬರ್ತಿದ್ದ ಕರಿ ಮರಳು ಇಲ್ಮೆನೈಟು. ಟೈಟೇನಿಯಂ ಇರೋದು ಆ ಕರಿ ಮರಳಲ್ಲಿ, ಚವರದ ಕಡಲತೀರದಲ್ಲಿರೋದೂ ಅದೇ ಮರಳು.

ಇಷ್ಟು ಮರಳು ಕಾಲಡೀಲಿದ್ರೂ ಸ್ಪಾಂಜನ್ನ ಹೊರಗಿಂದ ತರಿಸ್ತಿದ್ವಿ. ಅದಿರು ಇರೋದು ಬೇರೆ, ಲೋಹ ಇರೋದು ಬೇರೆ.

ಈಗ ಮೈಸೂರು ಪಾಕಿಗೆ ಬರ್ತೀನಿ, ನಗಬೇಡಿ. ಮನೇಲಿ ಸಣ್ಣ ಬಾಣಲೇಲಿ ಮಾಡಿದ್ರೆ ಇಡೀ ತಟ್ಟೆ ಒಂದೇ ಬಣ್ಣ. ಅದೇ ಮದುವೆ ಮನೇಲಿ ದಪ್ಪ ಹಲಗೆ ಹಾಕ್ತಾರೆ, ಕತ್ತರಿಸಿದ್ರೆ ನಡುವೆ ಕೆಂಪಗಿರುತ್ತೆ, ಯಾಕಂದ್ರೆ ಒಳಗಿನ ಬಿಸಿಗೆ ಹೊರಗೆ ಬರೋಕೆ ದಾರಿ ಇಲ್ಲ. ಪಾಕ ಅದೇ, ತುಪ್ಪ ಅದೇ, ಕಡ್ಲೆಹಿಟ್ಟೂ ಅದೇ. ಕ್ರೋಲ್ ರಿಯಾಕ್ಟರ್ ಕಥೇನೂ ಇದೇನೇ. ಕರಗಿದ ಮ್ಯಾಗ್ನೀಷಿಯಂ ಮೇಲೆ ಟಿಕಲ್ ಬಿಡ್ತೀರಿ, ಅಂದ್ರೆ ಟೈಟೇನಿಯಂ ಟೆಟ್ರಾಕ್ಲೋರೈಡು, ಆರ್ಗಾನ್ ಒಳಗೆ. ರಿಯಾಕ್ಷನ್ ತಾನೇ ಬಿಸಿ ಹುಟ್ಟಿಸುತ್ತೆ. ಲ್ಯಾಬಿನ ಚಿಕ್ಕ ಪಾತ್ರೆಲಿ ಅದು ಆರಿ ಹೋಗುತ್ತೆ, ಟನ್‌ಗಟ್ಟಲೆ ಬ್ಯಾಚಲ್ಲಿ ಒಳಗೇ ಕೂರುತ್ತೆ, ಆಮೇಲೆ ಟಿಕಲ್ ಎಷ್ಟು ಬೇಗ ಬಿಡಬಹುದು ಅನ್ನೋದನ್ನ ಕೆಮಿಸ್ಟ್ರಿ ಅಲ್ಲ, ಆ ಬಿಸಿ ತೀರ್ಮಾನ ಮಾಡುತ್ತೆ. ಒಂದು ಕೆಜಿ ಟೈಟೇನಿಯಂಗೆ ಸುಮಾರು ನಾಲ್ಕು ಕೆಜಿ ಟಿಕಲ್, ಒಂದು ಕೆಜಿ ಮ್ಯಾಗ್ನೀಷಿಯಂ ಹೋಗುತ್ತೆ, ನಾಲ್ಕು ಕೆಜಿ ಮ್ಯಾಗ್ನೀಷಿಯಂ ಕ್ಲೋರೈಡು ವಾಪಸ್ ಬರುತ್ತೆ, ಲೆಕ್ಕ ಹಾಕಿ ನೋಡಿ. ಅಷ್ಟು ಟಿಕಲ್ ಎಲ್ಲಿಂದ ತರ್ತೀರಿ? ಗಾಳಿಯ ತೇವ ತಾಗಿದ್ರೆ ಸಾಕು ಬಿಳಿ ಹೊಗೆ ಏಳೋ ದ್ರವ ಅದು, ಯುದ್ಧದಲ್ಲಿ ಹೊಗೆಪರದೆಗೆ ಬಳಸ್ತಿದ್ರು, ಅದನ್ನ ಟ್ಯಾಂಕರಲ್ಲಿ ಊರೂರು ಸಾಗಿಸೋಕಾಗುತ್ತಾ? ಚವರದಲ್ಲಿ ಪೇಂಟಿಗೆ ಹಾಕೋ ಬಿಳಿ ಪಿಗ್ಮೆಂಟ್ ಮಾಡೋಕೆ ಅಂತ ಎಂಬತ್ತರ ದಶಕದಿಂದ ದಿನಾ ಟಿಕಲ್ ಮಾಡ್ತಾನೇ ಇದ್ರು. ಪೈಪು, ವಾಲ್ವು, ಅದರ ವಾಸನೆ ಗೊತ್ತಿರೋ ಆಪರೇಟರು, ಎಲ್ಲ ಮೊದಲೇ ಇತ್ತು. ಪಾರ್ಟ್ನರ್‌ಶಿಪ್ಪಲ್ಲಿ ಕಾರ್ಖಾನೆ ತಂದ ಬಂಡವಾಳ ಅದು, ಬರೀ ಜಾಗ ಕೊಟ್ಟು ಶೆಡ್ ಹಾಕಿಸಿದ್ದಲ್ಲ.

ಇನ್ನೊಂದು ವಿಷ್ಯ ಯಾವ ಸಂಶೋಧನಾ ಪೇಪರಲ್ಲೂ ಎರಡು ಸಾಲಿಗಿಂತ ಜಾಸ್ತಿ ಇರಲ್ಲ. ರಿಯಾಕ್ಷನ್ ಮುಗೀತು, ವ್ಯಾಕ್ಯೂಮಲ್ಲಿ ದಿನಗಟ್ಟಲೆ ಕಾಯಿಸಿ ಉಳಿದ ಮ್ಯಾಗ್ನೀಷಿಯಂ, ಉಪ್ಪು ಎಲ್ಲ ತೆಗೆದ್ರಿ, ಒಳಗೆ ದೊಡ್ಡ ಬೂದು ಬಣ್ಣದ ಗಟ್ಟಿ, ಮೈಯೆಲ್ಲ ತೂತು, ಮತ್ತೆ ಮೈಸೂರು ಪಾಕೇ! ರಿಯಾಕ್ಟರಿನ ಗೋಡೆಗೆ ಅಂಟಿಕೊಂಡ ಭಾಗಕ್ಕೆ ಕಬ್ಬಿಣ ಸೇರಿರುತ್ತೆ, ವಿಮಾನಕ್ಕೆ ಆಗಲ್ಲ, ಬೇರೆ ಇಡ್ಬೇಕು. ಎಷ್ಟು ಇಂಚು ಕೆತ್ತಬೇಕು, ಎಲ್ಲಿಗೆ ನಿಲ್ಲಿಸಬೇಕು? ಜಾಸ್ತಿ ಕೆತ್ತಿದ್ರೆ ನಷ್ಟ, ಕಮ್ಮಿ ಕೆತ್ತಿದ್ರೆ ಇಡೀ ಲಾಟ್ ರಿಜೆಕ್ಟು. ಅದು ಬ್ಯಾಚ್ ಮೇಲೆ ಬ್ಯಾಚ್ ಮಾಡಿದೋನಿಗೆ ಮಾತ್ರ ಕೈಗೆ ಹತ್ತೋ ವಿದ್ಯೆ, ಆದ್ರೆ ಪೇಪರಿನ ಲೇಖಕರ ಪಟ್ಟೀಲಿ ಅವನ ಹೆಸರು ಇರಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಮ್ಯಾಗ್ನೀಷಿಯಂ ಕ್ಲೋರೈಡನ್ನ ಕರೆಂಟ್ ಕೊಟ್ಟು ಒಡೆದು ಮ್ಯಾಗ್ನೀಷಿಯಂ, ಕ್ಲೋರಿನ್ ಎರಡೂ ವಾಪಸ್ ಪಡೆಯೋದರ ಬಗ್ಗೆ ನಾಲ್ಕು ಸ್ಲೈಡ್ ಇತ್ತು, ಬಿಡಿ, ಇಷ್ಟು ಮಾತ್ರ, ಕರೆಂಟ್ ಬಿಲ್ ನೋಡದೆ ಯಾರೂ ಸ್ಪಾಂಜಿನ ರೇಟ್ ಬಗ್ಗೆ ಮಾತಾಡ್ಬೇಡಿ. ಹೈದರಾಬಾದಿನ ಲೋಹ ಕಾರ್ಖಾನೆ ಮಿಧಾನಿ ಬಗ್ಗೆ, ಅಲ್ಲಿ ಸ್ಪಾಂಜ್ ಕರಗಿಸಿ ಇಂಗಾಟ್, ಅಂದ್ರೆ ಲೋಹದ ಗಟ್ಟಿ ಮಾಡೋದರ ಬಗ್ಗೆ, ಚಹಾ ಹೊತ್ತಲ್ಲಿ ಕೇಳಿ.

ನಮ್ಮೂರಿನ ಒಂದು ಮಾತು ಹೇಳಿ ಇಳೀತೀನಿ. ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಟೈಟನ್ ಹೊಡೆತಕ್ಕೆ ಸೊರಗಿ ಸೊರಗಿ ಮುಚ್ಚಿಹೋಯ್ತು, ಆ ಜಾಗ ಈಗ ಇಸ್ರೋದು, ಅಲ್ಲಿಗೆ ಬಂದಿರೋದು ಟೈಟೇನಿಯಂ ಟ್ಯಾಂಕಿನ ಕೆಲಸ. ಟೈಟನ್‌ಗೂ ಟೈಟೇನಿಯಂಗೂ ಸಂಬಂಧ ಇಲ್ಲ ಬಿಡಿ, ಅದು ಟಾಟಾ ಮತ್ತೆ ತಮಿಳುನಾಡು ಸೇರಿ ಆದ ಹೆಸರು. ಆದ್ರೂ ಆ ಗೇಟಿನ ಮುಂದೆ ಹೋದಾಗೆಲ್ಲ ನನ್ನ ಕೈಯಲ್ಲಿರೋ ಹಳೇ ಎಚ್‌ಎಂಟಿ ನೋಡ್ಕೋತೀನಿ. ಈಗ್ಲೂ ಓಡ್ತಿದೆ, ನಾಲ್ಕು ನಿಮಿಷ ಹಿಂದೆ. ಅದಕ್ಕೇ ಚೀಟಿ ಬಂದಿದ್ದು ಅನ್ಸುತ್ತೆ.