ಮ್ಯಾಕ್‌ಬೆತ್ ಕೆಟ್ಟಿದ್ದು ಯಾವಾಗ? ಓದುವವರಿಗೂ ಆಡುವವರಿಗೂ

[ದೃಶ್ಯ: ಚಿತ್ರದುರ್ಗದ ಕೋಟೆ, ಬೆಳಗಿನ ಹೊತ್ತು. ನಿರೂಪಕಿ ಕ್ಯಾಮೆರಾ ಎದುರು.]

ಷೇಕ್ಸ್‌ಪಿಯರ್‌ನ ನಾಟಕದಲ್ಲಿ ಮ್ಯಾಕ್‌ಬೆತ್‌ನನ್ನು ಕೆಡಿಸಿದ್ದು ಯಾರು? ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಉತ್ತರ ಬಾಯಿಪಾಠವಾಗಿರುತ್ತದೆ: ಮಾಟಗಾತಿಯರು ಆಸೆ ಹುಟ್ಟಿಸಿದರು, ಹೆಂಡತಿ ಚಿತಾವಣೆ ಮಾಡಿದಳು, ಮಹತ್ವಾಕಾಂಕ್ಷೆ ಉಳಿದದ್ದನ್ನು ಮುಗಿಸಿತು. ತಪ್ಪೇನಲ್ಲ. ಆದರೆ ಈ ಉತ್ತರ ಎರಡನೇ ಅಂಕಕ್ಕೇ ನಿಂತುಬಿಡುತ್ತದೆ. ಮುಂದಿನ ಮೂರು ಅಂಕಗಳಲ್ಲಿ ಅವನ ಕಿವಿ ಊದುವವರು ಕಡಿಮೆಯಾಗುತ್ತಾರೆ, ಹೆಣಗಳು ಹೆಚ್ಚಾಗುತ್ತವೆ. ಅದು ಹೇಗೆ ಅನ್ನುವುದೇ ಇವತ್ತಿನ ವಿಷಯ.

ಮ್ಯಾಕ್‌ಬೆತ್ ಸ್ಕಾಟ್ಲೆಂಡಿನ ದೊರೆ ಡಂಕನ್‌ನ ಸೇನಾನಿ, ಬಂಧುವೂ ಹೌದು. ಪಾಳೆಯಗಾರರ ಈ ಸೀಮೆಯಲ್ಲಿ ದಳವಾಯಿ ಅಂದರೆ ಸಾಕು, ಅವನ ಜಾಗ ಯಾವುದೆಂದು ತಿಳಿಯುತ್ತದೆ: ದೊರೆಯ ನೆಚ್ಚಿನವನು, ಸೈನ್ಯ ಕೈಯಲ್ಲಿರುವವನು. ನಾಟಕದಲ್ಲಿ ಅವನು ತನ್ನ ಮನೆಗೆ ಬಂದು ಮಲಗಿದ್ದ ಆ ದೊರೆಯನ್ನೇ ಕೊಂದು ಗಾದಿಗೇರುತ್ತಾನೆ.

[ಪರದೆ ಮೇಲೆ: 1040, 1057, 1606]

ಇತಿಹಾಸದ ಮ್ಯಾಕ್‌ಬೆತ್ ಬೇರೆಯೇ. 1040ರಲ್ಲಿ ಡಂಕನ್ ಸತ್ತದ್ದು ಯುದ್ಧದಲ್ಲಿ, ಮಲಗಿದ್ದಾಗ ಅಲ್ಲ. ಆಮೇಲೆ ಮ್ಯಾಕ್‌ಬೆತ್ 1057ರವರೆಗೆ, 17 ವರ್ಷ ಆಳಿದ. ಷೇಕ್ಸ್‌ಪಿಯರ್ ಆಧಾರ ಮಾಡಿಕೊಂಡ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಅವನ ಜೊತೆಯ ಸೇನಾನಿ ಬ್ಯಾಂಕೊ ಕೂಡ ಕೊಲೆಯ ಸಂಚಿನಲ್ಲಿದ್ದಾನೆ. ನಾಟಕ ಹುಟ್ಟಿದ 1606ರ ಸುಮಾರಿಗೆ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದ ಜೇಮ್ಸ್ ತಾನು ಬ್ಯಾಂಕೊನ ವಂಶದವನೆಂದು ನಂಬಿದ್ದ. ಹಾಗಾಗಿ ನಾಟಕದ ಬ್ಯಾಂಕೊ ಕೈ ತೊಳೆದುಕೊಂಡು ಹೊರಬಂದ! ದೊರೆಯನ್ನು ಮೆಚ್ಚಿಸಲು ಮಾಡಿದ ಬದಲಾವಣೆಯೇ ಇರಬಹುದು, ಆದರೆ ನಾಟಕಕ್ಕೆ ಅದರಿಂದ ದೊಡ್ಡ ಲಾಭವಾಯಿತು. ಒಂದೇ ಭವಿಷ್ಯವಾಣಿಯನ್ನು ಇಬ್ಬರು ಒಟ್ಟಿಗೆ ಕೇಳುತ್ತಾರೆ, ಒಬ್ಬ ಮಾತ್ರ ಕೊಲ್ಲುತ್ತಾನೆ.

ಮೊದಲ ಅಂಕದ ಮೂರನೇ ದೃಶ್ಯ ತೆಗೆಯಿರಿ. ಮಾಟಗಾತಿಯರು ಅವನನ್ನು ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದೆ ದೊರೆಯಾಗುವವನು ಎಂದು ಮೂರು ಸಲ ಕೂಗುತ್ತಾರೆ. ‘ಕೊಲ್ಲು’ ಎಂಬ ಮಾತು ಅವರ ಬಾಯಲ್ಲಿ ಬರುವುದೇ ಇಲ್ಲ. ಕಾಡರ್ ಪದವಿ ಸಿಕ್ಕ ಸುದ್ದಿ ಬಂದ ಕೂಡಲೇ ಕೊಲೆಯ ಚಿತ್ರ ಅವನ ತಲೆಯಲ್ಲಿ ತಾನಾಗಿಯೇ ಏಳುತ್ತದೆ, ಮೈಮೇಲಿನ ಕೂದಲು ನಿಮಿರುತ್ತದೆ. ಅದೇ ಉಸಿರಿನಲ್ಲಿ, ವಿಧಿ ನನ್ನನ್ನು ದೊರೆ ಮಾಡುವುದಿದ್ದರೆ ನಾನೇನೂ ಮಾಡದೆಯೇ ಮಾಡಲಿ ಅಂದುಕೊಳ್ಳುತ್ತಾನೆ. ತಂಡಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ. ಹೊಗೆ, ಕೆಂಪು ಲೈಟು, ಕಿರುಚಾಟ ಸೇರಿಸಿ ಮಾಟಗಾತಿಯರನ್ನು ಎಷ್ಟು ಬಲಶಾಲಿಗಳಾಗಿ ತೋರಿಸುತ್ತಾರೆಂದರೆ, ನಾಯಕ ಸೂತ್ರದ ಗೊಂಬೆಯಾಗುತ್ತಾನೆ. ಗೊಂಬೆಗೆ ಪತನ ಎಲ್ಲಿಯದು?

ಏಳನೇ ದೃಶ್ಯದಲ್ಲಿ ನಿಧಾನಿಸಿ. ದೊರೆ ಅವನ ಮನೆಯಲ್ಲೇ ಊಟಕ್ಕೆ ಕೂತಿದ್ದಾನೆ. ಕೊಲ್ಲಬಾರದೆನ್ನಲು ಕಾರಣಗಳನ್ನು ಅವನೇ ಹುಡುಕುತ್ತಾನೆ: ನಾನು ಬಂಧು, ಪ್ರಜೆ, ಅತಿಥೇಯ, ಕೊಲೆಗಾರ ಬರದಂತೆ ಬಾಗಿಲು ಕಾಯಬೇಕಾದವನು, ಡಂಕನ್ ಒಳ್ಳೆಯ ದೊರೆ ಬೇರೆ. ಮಾಡೆನ್ನಲು ಇರುವುದು ಒಂದೇ, ಮಹತ್ವಾಕಾಂಕ್ಷೆ. ‘ಈ ವಿಷಯ ಇಲ್ಲಿಗೆ ಬಿಡೋಣ’ ಎಂದು ಹೆಂಡತಿಗೆ ಹೇಳುತ್ತಾನೆ. ಅಲ್ಲಿಂದ ಸುಮಾರು 50 ಸಾಲುಗಳಲ್ಲಿ ಒಪ್ಪಿಬಿಡುತ್ತಾನೆ.

[ಪರದೆ ಮೇಲೆ: ಪ್ರೀತಿ – ಗಂಡಸುತನ – ಕೊಟ್ಟ ಮಾತು – ಯೋಜನೆ]

ಲೇಡಿ ಮ್ಯಾಕ್‌ಬೆತ್‌ಳ ವಾದ ಈ ಕ್ರಮದಲ್ಲಿ ಹತ್ತುತ್ತದೆ. ನಿನ್ನ ಪ್ರೀತಿ ಇಷ್ಟೇ ತಾನೇ? ನೀನು ಗಂಡಸೇ? ಕೊಟ್ಟ ಮಾತು ಏನಾಯಿತು? ಇದರ ನಡುವೆ ಅವನು ಒಂದು ಪ್ರಶ್ನೆ ಕೇಳುತ್ತಾನೆ: ‘ಸೋತರೆ?’ ಈ ಒಂದು ಮಾತಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಸರಿಯೋ ತಪ್ಪೋ ಎಂದು ತೂಗುತ್ತಿದ್ದವನು ಈಗ ಸಿಕ್ಕಿಬೀಳುತ್ತೇವೋ ಇಲ್ಲವೋ ಎಂದು ಕೇಳುತ್ತಿದ್ದಾನೆ. ಮುಂದಿನದು ಬರೀ ಯೋಜನೆ, ಅದು ಅವಳ ಬಳಿ ಸಿದ್ಧವಿದೆ. ಕಂಪನಿ ನಾಟಕ ನೋಡಿ ಬೆಳೆದ ದಾವಣಗೆರೆಯ ಪ್ರೇಕ್ಷಕರ ಕಿವಿ ಡೈಲಾಗಿನ ವಿಷಯದಲ್ಲಿ ಚುರುಕು. ‘ಸೋತರೆ’ ಎಂದು ಮೆಲ್ಲಗೆ ಅಂದು ನಿಂತರೆ ಕೊನೇ ಸಾಲಿನವರಿಗೂ ತಲುಪುತ್ತದೆ, ಕೂಗುವುದು ಬೇಡ.

ಕೊಲೆ ನಡೆಯುವುದು ತೆರೆಮರೆಯಲ್ಲಿ. ಆಡುವವರಿಗೊಂದು ಲೆಕ್ಕ: ಎರಡನೇ ಅಂಕದ ಮೊದಲ ದೃಶ್ಯದ ಕೊನೆಗೆ ಅವನು ಒಳಗೆ ಹೋದ ಮೇಲೆ, ರಕ್ತ ಹಚ್ಚಿಕೊಂಡು ಬರಲು ಸಿಗುವುದು ಹೆಂಡತಿಯ ಹನ್ನೆರಡು ಹದಿಮೂರು ಸಾಲಿನ ಹೊತ್ತು, ಒಂದು ನಿಮಿಷಕ್ಕೂ ಕಡಿಮೆ. ನಡುವೆ ಒಳಗಿನಿಂದ ಒಮ್ಮೆ ಕೂಗಲೂ ಬೇಕು. ಬಣ್ಣದ ಬಟ್ಟಲು ವಿಂಗ್‌ನಲ್ಲೇ ಇರಲಿ, ಹಚ್ಚಲು ಬೇರೆಯವರೊಬ್ಬರು ನಿಂತಿರಲಿ. ಬಣ್ಣ ಕೈಗಷ್ಟೇ ಸಾಕು, ಮುಖಕ್ಕೆ ಬೇಡ, ಮುಂದಿನ ದೃಶ್ಯಕ್ಕೆ ತೊಳೆದುಕೊಂಡು ಬರಬೇಕು. ಚೂರಿಗಳು ಎರಡೂ ಕೈಯಲ್ಲಿ ಕಾಣಲೇಬೇಕು: ಅವನ್ನು ಕಾವಲುಗಾರರ ಪಕ್ಕದಲ್ಲಿ ಬಿಟ್ಟು ಬರಬೇಕಿತ್ತು, ಗಾಬರಿಯಲ್ಲಿ ತಂದಿದ್ದಾನೆ, ವಾಪಸ್ ಇಡಲು ಹೆಂಡತಿಯೇ ಹೋಗುತ್ತಾಳೆ.

ಆದರೆ ನಮ್ಮ ಲೆಕ್ಕದಲ್ಲಿ ನಾಟಕ ಹೊರಳುವುದು ಇಲ್ಲಲ್ಲ, ಬೆಳಗಾದ ಮೇಲೆ. ಮ್ಯಾಕ್‌ಬೆತ್ ಕಾವಲುಗಾರರಿಬ್ಬರನ್ನೂ ಕೊಂದುಬಿಡುತ್ತಾನೆ. ಅವರ ಮೇಲೆ ಅಪವಾದ ಹೊರಿಸುವುದಷ್ಟೇ ಯೋಜನೆಯಲ್ಲಿದ್ದದ್ದು. ಯಾರೂ ಹೇಳದೆ, ಯಾರನ್ನೂ ಕೇಳದೆ ಮಾಡಿದ ಮೊದಲ ಕೊಲೆ ಇದು. ಅದನ್ನು ಅವನು ಸಮರ್ಥಿಸುತ್ತಿರುವಾಗಲೇ ಹೆಂಡತಿ ಕುಸಿಯುತ್ತಾಳೆ. ನಟನೆಯೋ ನಿಜವೋ ಎಂಬ ಚರ್ಚೆ ಹಳೆಯದು. ನಿಜವೆಂದು ಆಡಿದರೆ ಮುಂದಿನದು ಹೊಂದುತ್ತದೆ.

ಮೂರನೇ ಅಂಕದ ಮೊದಲ ದೃಶ್ಯದಲ್ಲಿ ಬ್ಯಾಂಕೊನನ್ನು ಕೊಲ್ಲಲು ಇಬ್ಬರನ್ನು ಗೊತ್ತುಮಾಡುತ್ತಾನೆ. ಇದು ಉದ್ದವೆಂದು ಕತ್ತರಿಸುವ ತಂಡಗಳಿವೆ, ದಯವಿಟ್ಟು ಕತ್ತರಿಸಬೇಡಿ. ಅವರು ‘ನಾವೂ ಗಂಡಸರೇ’ ಅನ್ನುತ್ತಾರೆ. ಹೌದು, ಪಟ್ಟಿಯಲ್ಲಿ ಗಂಡಸರು ಎಂದು ಹಂಗಿಸುತ್ತಾನೆ ಇವನು. ಹೆಂಡತಿ ತನ್ನ ಮೇಲೆ ಹೂಡಿದ ಅದೇ ಬಾಣ! ಪ್ರಭಾವಕ್ಕೆ ಒಳಗಾದವನು ಈಗ ಪ್ರಭಾವ ಬೀರುವವನಾಗಿದ್ದಾನೆ. ಮುಂದಿನ ದೃಶ್ಯದಲ್ಲಿ ಹೆಂಡತಿ ಏನು ಮಾಡಬೇಕೆಂದಿದ್ದೀಯ ಎಂದು ಕೇಳಿದರೆ, ನಿನಗೆ ತಿಳಿಯದಿರುವುದೇ ಒಳ್ಳೆಯದು ಅನ್ನುತ್ತಾನೆ. ಔತಣದ ದೃಶ್ಯದಲ್ಲಿ ಬ್ಯಾಂಕೊನ ಪ್ರೇತ ಕಂಡು ಅವನು ಬೆದರಿದಾಗ ಅವಳು ಅತಿಥಿಗಳ ಮುಂದೆ ಹೇಗೋ ಮಾನ ಕಾಪಾಡುತ್ತಾಳೆ. ಅದಾದ ಮೇಲೆ ಐದನೇ ಅಂಕದಲ್ಲಿ ನಿದ್ದೆಯಲ್ಲಿ ನಡೆಯುತ್ತಾ ಬರುವವರೆಗೆ ರಂಗದ ಮೇಲೆ ಅವಳೇ ಇಲ್ಲ. ಮೂರನೇ ಅಂಕದ ಐದನೇ ದೃಶ್ಯ, ಮಾಟಗಾತಿಯರ ಒಡತಿ ಹೆಕಟಿ ಬರುವುದು, ಅದನ್ನು ಬೇಕಾದರೆ ಬಿಡಿ. ಅದು ಅದೇ ಕಾಲದ ಇನ್ನೊಬ್ಬ ನಾಟಕಕಾರ ಮಿಡಲ್ಟನ್ ಸೇರಿಸಿದ್ದೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ.

ನಾಲ್ಕನೇ ಅಂಕದಲ್ಲಿ ಮಾಟಗಾತಿಯರನ್ನು ಹುಡುಕಿಕೊಂಡು ಅವನೇ ಹೋಗುತ್ತಾನೆ. ಅವನ ವಿರುದ್ಧ ತಿರುಗಿದ ಸರದಾರ ಮ್ಯಾಕ್‌ಡಫ್ ಇಂಗ್ಲೆಂಡಿಗೆ ಓಡಿದ ಸುದ್ದಿ ಬಂದಾಗ, ಇನ್ನು ಮೇಲೆ ಮನಸ್ಸಿಗೆ ಬಂದದ್ದು ಕೈಗೆ ಬರಬೇಕು ಎಂದು ನಿಶ್ಚಯಿಸುತ್ತಾನೆ. ಕೊಲ್ಲಿಸುವುದು ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು. ಗಾದಿ ಸಿಕ್ಕಾಗಿದೆ, ಈ ಕೊಲೆಯಿಂದ ಅವನಿಗೆ ಮೂರು ಕಾಸಿನ ಲಾಭವಿಲ್ಲ. ಡಂಕನ್‌ಗೆ ಒಂದಿಡೀ ಅಂಕ ತಡವರಿಸಿದವನು ಇಲ್ಲಿ ಒಂದು ಗಳಿಗೆಯೂ ಯೋಚಿಸುವುದಿಲ್ಲ. ಮಗುವಿನ ಪಾತ್ರಕ್ಕೆ ಯಾರೂ ಸಿಗಲಿಲ್ಲವೆಂದು ಈ ದೃಶ್ಯ ಬಿಟ್ಟರೆ ಪತನದ ತಳವೇ ಕಾಣುವುದಿಲ್ಲ. ಹತ್ತನೇ ಕ್ಲಾಸಿನ ಹುಡುಗನೇ ಆಡಲಿ, ಪರವಾಗಿಲ್ಲ.

ಐದನೇ ಅಂಕದಲ್ಲಿ ರಾಣಿ ಸತ್ತ ಸುದ್ದಿ ಬರುತ್ತದೆ. ಭಯದ ರುಚಿಯೇ ಮರೆತುಹೋಗಿದೆ ಎಂದು ಅದಕ್ಕೆ ಸ್ವಲ್ಪ ಮೊದಲು ಹೇಳಿದವನು ಇಲ್ಲಿ ಅತ್ತರೆ ಕೆಡುತ್ತದೆ. ನಾಳೆ, ನಾಳೆ, ನಾಳೆ ಎಂಬ ಆ ಮಾತುಗಳು ಒಣಗಿದ ದನಿಯಲ್ಲೇ ಬರಲಿ.

[ಪರದೆ ಮೇಲೆ: 1623ರ ಮುದ್ರಣ]

ಕೊನೆಗೆ ಮ್ಯಾಕ್‌ಡಫ್ ಅವನ ತಲೆ ಹಿಡಿದು ಬರುತ್ತಾನೆಂದು ನಾಟಕ ಮೊದಲು ಅಚ್ಚಾದ 1623ರ ಮುದ್ರಣದಲ್ಲೇ ಇದೆ. ನಟನ ಮುಖ ಹೋಲುವಂತೆ ತಲೆ ಮಾಡಿಸಲು ಹೋಗಬೇಡಿ, ಜನ ನಕ್ಕುಬಿಡುತ್ತಾರೆ. ಬಟ್ಟೆಯಲ್ಲಿ ಸುತ್ತಿ, ತೂಕ ಬರುವಷ್ಟು ಮರಳು ತುಂಬಿ, ಗಂಟು ಕಟ್ಟಿ ತಂದರೆ ಸಾಕು.