ಅಡುಗೆಮನೆಯಿಂದ ಆ ಎಕ್ಸ್‌ಟೆನ್ಷನ್ ಬಾಕ್ಸ್ ತೆಗೆಯಿರಿ

ಎಲ್ಲರಿಗೂ ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ಸುಮ್ನೆ ಹೆದರಿಸಬೇಡಿ. ನಮ್ಮನೇಲಿ ಇಂಡಕ್ಷನ್ ಒಲೆ, ಮೈಕ್ರೋವೇವ್ ಎರಡೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿವೆ. ಎಂಸಿಬಿ ಒಂದ್ಸಲನೂ ಬಿದ್ದಿಲ್ಲ." ಅದಕ್ಕೆ ಲೈಕ್ ಬೇರೆ! ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ, ಅಂದರೆ 'ಬೀಳುವ', ಬೋರ್ಡ್‌ನ ಸ್ವಿಚ್. ಇವತ್ತು ಫ್ಯಾನ್ ರೆಗ್ಯುಲೇಟರ್ ಬಗ್ಗೆ ಮಾತಾಡಬೇಕಿತ್ತು. ಅದು ಮುಂದಿನ ಸಲ. ಸಬ್‌ಸ್ಕ್ರೈಬ್ ಆಗಿರಿ, ತಪ್ಪುವುದಿಲ್ಲ.

ನನ್ನ ಮಾತು ಒಂದೇ. ಬಿಸಿ ಮಾಡುವ ಯಾವ ಸಾಮಾನನ್ನೂ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಬೇಡಿ. ಗೋಡೆಯ ಪವರ್ ಪಾಯಿಂಟ್‌ಗೆ ನೇರವಾಗಿ ಹಾಕಿ.

ಲೆಕ್ಕ ನೋಡಿ. 2000 ವ್ಯಾಟ್ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 9 ಆಂಪ್ ಎಳೆಯುತ್ತದೆ. ಪಕ್ಕದಲ್ಲಿ 1400 ವ್ಯಾಟ್ ಎಳೆಯುವ ಮೈಕ್ರೋವೇವ್ ಇದ್ದರೆ ಇನ್ನೊಂದು 6. ಒಟ್ಟು 15. ನಿಮ್ಮ ಬಾಕ್ಸ್ ಮೇಲೆ ಸಾಮಾನ್ಯವಾಗಿ 6 ಆಂಪ್ ಅಂತ ಬರೆದಿರುತ್ತದೆ. ಅಂದರೆ ಎರಡೂವರೆ ಪಟ್ಟು ಕರೆಂಟ್. ಆದರೆ ವೈರ್‌ನಲ್ಲಿ ಹುಟ್ಟುವ ಬಿಸಿ ಎರಡೂವರೆ ಪಟ್ಟಲ್ಲ, ಆರು ಪಟ್ಟಿಗೂ ಜಾಸ್ತಿ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಮನೆಯ ಸಾಧಾರಣ ಪಿವಿಸಿ ವೈರ್‌ನ ಹೊದಿಕೆ ತಡೆಯುವುದು 70 ಡಿಗ್ರಿ. ಅದೂ ಒಲೆಯ ಪಕ್ಕದಲ್ಲಿ, ಸುತ್ತಿಟ್ಟ ವೈರ್‌ನಲ್ಲಿ!

ಎಂಸಿಬಿ ಬೀಳಲಿಲ್ಲವಂತೆ. ಬೀಳುವುದೇ ಇಲ್ಲ ಸ್ವಾಮಿ! ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಇರುವುದು 16 ಆಂಪ್ ಎಂಸಿಬಿ. ಅದು ಕಾಯುವುದು ಗೋಡೆಯೊಳಗಿನ ವೈರನ್ನು. 15 ಆಂಪ್ ಅದಕ್ಕೆ ಮಾಮೂಲು. ಹೊರಗಿರುವ ನಿಮ್ಮ ತೆಳು ವೈರ್ ಕರಗುತ್ತಿದೆ ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಸಡಿಲ ಪಿನ್ ಕೂಡ ಹಾಗೆಯೇ. ಕರೆಂಟ್ ಹೆಚ್ಚಾಗುವುದಿಲ್ಲ, ಪ್ಲಗ್ ಮಾತ್ರ ಸುಡುತ್ತದೆ. "ನಮ್ಮಲ್ಲಿ ಆರ್‌ಸಿಸಿಬಿ ಇದೆ" ಅನ್ನುವವರಿಗೂ ಹೇಳುತ್ತೇನೆ. ಅದೂ ತಾನೇ ಆಫ್ ಆಗುವ ಸ್ವಿಚ್ಚೇ, ಆದರೆ ಅದು ನೋಡುವುದು ಕರೆಂಟ್ ಲೀಕ್ ಆಗುತ್ತಿದೆಯಾ ಅಂತ, ಲೋಡ್ ಜಾಸ್ತಿಯಾಯಿತಾ ಅಂತಲ್ಲ. ಶಾಕ್‌ನಿಂದ ಕಾಪಾಡಲು ಅದು ಇರಲೇಬೇಕು, 30 ಮಿಲಿಆಂಪ್‌ನದ್ದು. ಆದರೆ ಬಾಕ್ಸ್ ಸುಡುವುದನ್ನು ತಡೆಯಲು ಅದರಿಂದ ಆಗುವುದಿಲ್ಲ. ಆದ್ದರಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ!

ಇನ್ನು ಕೆಲವರು ಇದ್ದಾರೆ. ಎಂಸಿಬಿ ಬಿದ್ದರೆ 16 ತೆಗೆದು 32 ಹಾಕಿಸುತ್ತಾರೆ. ಕೂಗಿ ಎಚ್ಚರಿಸಿದವನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ವೈರ್ ಹಳೆಯದೇ ಅಲ್ವಾ? ಈಗ ಗೋಡೆಯೊಳಗಿನ ವೈರ್‌ಗೂ ಕಾವಲಿಲ್ಲ. ದಯವಿಟ್ಟು ಮಾಡಬೇಡಿ.

ಸರಿಯಾದ ದಾರಿ ಕಷ್ಟದ್ದಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಒಲೆಗೆ, ಓವನ್‌ಗೆ ಮೇನ್ ಬೋರ್ಡ್‌ನಿಂದ ಬೇರೆ ಬೇರೆ ಲೈನ್ ಎಳೆಸಿ. ವೈರ್ ಎಷ್ಟು ದಪ್ಪ ಬೇಕು ಅನ್ನುವುದನ್ನು ಅವರು ಲೋಡ್ ಮತ್ತು ದೂರ ನೋಡಿ ಹೇಳಲಿ. ಅರ್ಥ್ ವೈರ್ ನಿಜವಾಗಲೂ ಸೇರಿದೆಯಾ ಅಂತ ಟೆಸ್ಟ್ ಮಾಡಿಸಿ. ಮೂರನೇ ಪಿನ್ ಮುರಿದು ಎರಡು ಪಿನ್‌ನಲ್ಲಿ ಓಡಿಸುವವರ ಬಗ್ಗೆ ಬೇರೆ ವಿಡಿಯೋ ಇದೆ, ನೋಡಿ, ನಿಮ್ಮಮ್ಮನಿಗೂ ಕಳಿಸಿ.

"ಬಾಡಿಗೆ ಮನೆ, ಒಂದೇ ಪವರ್ ಪಾಯಿಂಟ್." ಸರಿ, ಒಂದು ಮುಗಿದ ಮೇಲೆ ಇನ್ನೊಂದು ಹಾಕಿ. ಎರಡೂ ಒಟ್ಟಿಗೆ ಯಾಕೆ ಬೇಕು? "ನಮ್ಮದು ದಪ್ಪ ವೈರಿನ ಬಾಕ್ಸ್." ಬೇಡ! ಬಾಕ್ಸ್ ಒಳಗೆ ಪಿನ್ ಹಿಡಿಯುವ ಲೋಹದ ಪಟ್ಟಿ ಸಡಿಲವಾದರೆ ವೈರ್ ದಪ್ಪಗಿದ್ದು ಏನು ಪ್ರಯೋಜನ? "ದುಬಾರಿ ಬಾಕ್ಸ್." ಬೇಡ! "ಒಂದೇ ನಿಮಿಷ ನೀರು ಕಾಯಿಸೋಕೆ." ಬೇಡ ಅಂದೆನಲ್ಲ!

ಇವತ್ತು ಅಡುಗೆ ಮುಗಿದ ಕೂಡಲೇ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಮುಟ್ಟಿ ನೋಡಿ. ಬಿಸಿ ಇದ್ದರೆ, ಕಂದು ಕಲೆ ಇದ್ದರೆ, ಸುಟ್ಟ ವಾಸನೆ ಬಂದರೆ ಅದನ್ನು ಮತ್ತೆ ಹಾಕಬೇಡಿ. ಬಾಕ್ಸ್ ತೆಗೆದವರು ಕೆಳಗೆ "ತೆಗೆದೆ" ಅಂತ ಬರೆಯಿರಿ. ಆ ಕಮೆಂಟ್ ಹಾಕಿದವರು ಮೊದಲು ಬರೆಯಿರಿ, ನಿಮ್ಮದನ್ನೇ ಪಿನ್ ಮಾಡುತ್ತೇನೆ.